ಗೇಣಿಗೊಂದು ಶತಮಾನ

ಚಪ್ಪಲಿ ಬಾಗಿಲಾಚೆ ಬಿಟ್ಟು ಒಳಗೆ ಬನ್ನಿ, ತುಸು ತಲೆ ತಗ್ಗಿಸಿ. ಹೊಸ್ತಿಲು ದಾಟುತ್ತಿದ್ದಂತೆ ಹಣೆಗೆ ತಗಲುವುದು ಮಾವಿನ ತೋರಣವಲ್ಲ, ಬಟ್ಟೆ ಒಣಹಾಕುವ ನೀಲಿ ನೈಲಾನ್ ಹಗ್ಗ. ಹಜಾರದ ಕಿಟಕಿಯ ಸರಳಿನಿಂದ ಹೊರಟ ಅದು ಷೋಕೇಸಿನ ನೆತ್ತಿ ಸವರಿ, ದೇವರಮನೆಯ ಬಾಗಿಲ ಮೇಲಿನ ಮೊಳೆಗೆ ಒಂದು ಸುತ್ತು ಬಳಸಿ, ಅಲ್ಲಿಂದ ಅಡುಗೆಮನೆಯತ್ತ ತಿರುಗಿ, ಗ್ಯಾಸ್ ಕಟ್ಟೆಯ ಪಕ್ಕದ ಕಿಟಕಿಯಲ್ಲಿ ಗಂಟು ಬಿದ್ದಿದೆ. ಹಗ್ಗದುದ್ದಕ್ಕೂ ಕ್ಲಿಪ್ಪುಗಳು, ಕ್ಲಿಪ್ಪುಗಳಲ್ಲಿ ಬಟ್ಟೆಯ ಬದಲು ಚೀಟಿಗಳು. ಮದುವೆ ಕರೆಯೋಲೆಯ ಹಿಂಬದಿ, ಹರಿದ ಕ್ಯಾಲೆಂಡರಿನ ಹಾಳೆ, ಬಿಸ್ಕತ್ತು ಡಬ್ಬಿಯ ರಟ್ಟು, ಏನು ಕೈಗೆ ಸಿಕ್ಕಿತೋ ಅದರ ಮೇಲೆ ಸ್ಕೆಚ್ ಪೆನ್ನಿನ ದುಂಡನೆಯ ಅಕ್ಷರಗಳು. ಫ್ಯಾನ್ ತಿರುಗಿದಾಗಲೆಲ್ಲ ಅಶೋಕನೂ ಮಯೂರಶರ್ಮನೂ ಪುಲಿಕೇಶಿಯೂ ಒಟ್ಟಿಗೆ ಪಟಪಟನೆ ಬಡಿದುಕೊಳ್ಳುತ್ತಾರೆ.

ಬೆಂಗಳೂರಿನ ಹೆಬ್ಬಾಳಕ್ಕೆ ಹತ್ತಿರದ ಬಾಡಿಗೆ ಮನೆ ಇದು, ಎರಡನೆಯ ಮಹಡಿ. ರಾತ್ರಿ ಸುರಿದ ಮಳೆಗೆ ಬಾಲ್ಕನಿಯ ತುಳಸಿ ಕುಂಡದಿಂದ ಮಣ್ಣಿನ ವಾಸನೆ ಏಳುತ್ತಿದೆ. ಒಳಗೆ ಉಪ್ಪಿಟ್ಟಿನ ಒಗ್ಗರಣೆ ಚಟಗುಟ್ಟಿ ಈಗಷ್ಟೇ ಸುಮ್ಮನಾಗಿದೆ. ಕರಿಬೇವು, ಹುರಿದ ರವೆ, ಶುಂಠಿಯ ಘಮ ಹಜಾರದವರೆಗೂ ಬಂದು ಕೂತಿದೆ. ವಿಮಾನ ನಿಲ್ದಾಣದ ಕಡೆ ಓಡುವ ರಸ್ತೆಯ ಸದ್ದು ದೂರದಿಂದ ಬಿಡದೆ ಕೇಳುತ್ತದೆ. ಅದರ ಮೇಲೆ ಸೊಪ್ಪಿನ ಗಾಡಿಯವನ ಧ್ವನಿವರ್ಧಕ, ಅದರ ಮೇಲೆ ಶಾಲೆಯ ವ್ಯಾನಿನ ಹಾರನ್ನು. ಕೆಳಮನೆಯ ಹುಡುಗ ಶೂ ಲೇಸು ಕಟ್ಟಿಕೊಳ್ಳದೆಯೇ ಓಡಿ ವ್ಯಾನು ಹತ್ತುತ್ತಾನೆ. ಮೇಲಿನಿಂದ ಈ ಮನೆಯ ಪುಟ್ಟ, ಎಂಟು ವರ್ಷದವನು, ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಕೈಬೀಸುತ್ತಾನೆ. ಸಂಜೆ ಇಬ್ಬರೂ ಇದೇ ಗೇಟಿನ ಮುಂದೆ ಕ್ರಿಕೆಟ್ ಆಡುವವರು. ವ್ಯಾನು ತಿರುವು ದಾಟಿದ ಮೇಲೆ ಬೀದಿಗೆ ಒಂದು ಬಗೆಯ ಬಿಡುವು ಬರುತ್ತದೆ. ಆ ಬಿಡುವಿನಲ್ಲೇ ಈ ಮನೆಯ ಶಾಲೆ ಶುರುವಾಗುತ್ತದೆ.

ಗಂಟೆ ಇಲ್ಲ, ಹಾಜರಿ ಇಲ್ಲ. ಅಜ್ಜಿ ಮೊರದಲ್ಲಿ ಅಕ್ಕಿ ಹರಡಿಕೊಂಡು ಗೋಡೆಗೆ ಒರಗಿ ಕೂರುತ್ತಾರೆ. ಹನ್ನೊಂದು ವರ್ಷದ ಅಕ್ಕ ಚಾಪೆ ಬಿಡಿಸುತ್ತಾಳೆ. ಅಮ್ಮ ಒದ್ದೆ ಕೈಯನ್ನು ದುಪ್ಪಟ್ಟಾಕ್ಕೆ ಒರೆಸಿಕೊಳ್ಳುತ್ತ ಬಂದು ಲ್ಯಾಪ್‌ಟಾಪ್ ತೆರೆಯುತ್ತಾರೆ. ಎಂಟರ್ ಕೀ ಅಂಚು ಮುರಿದಿದೆ, ಪರದೆಯ ಮೂಲೆಯಲ್ಲಿ ಅರಿಸಿನದ ಬೆರಳಚ್ಚು. ಅದು ಬೆಳಕಾಗುವಷ್ಟರಲ್ಲಿ ಪುಟ್ಟ ಉಪ್ಪಿಟ್ಟಿನ ತಟ್ಟೆ ಹಿಡಿದು ಮುಂದೆ ಬಂದಾಗಿದೆ. "ತಟ್ಟೆ ಇಟ್ಟು ಬಾರೋ, ಲ್ಯಾಪ್‌ಟಾಪಿಗೆ ಉಪ್ಪಿಟ್ಟು ತಿನ್ನಿಸ್ಬೇಡ" ಎಂದು ಅಜ್ಜಿ ಅಕ್ಕಿಯಿಂದ ಕಣ್ಣೆತ್ತದೆ ಹೇಳುತ್ತಾರೆ.

ಇಂದು ಇತಿಹಾಸದ ದಿನ. ನಾವೂ ಚಾಪೆಯ ಅಂಚಿನಲ್ಲಿ ಕೂರೋಣ, ಮಾತಾಡದೆ.

ಪರದೆಯ ಮೇಲೆ ಮೊದಲು ಕಾಣುವುದು ಕತ್ತಲು. ಕತ್ತಲ ನಡುವೆ ಒಂದು ಚುಕ್ಕೆ, ಚುಕ್ಕೆ ಒಡೆದು ಬೆಳಕು. ಬಿಗ್ ಹಿಸ್ಟರಿ ಎಂಬ ಉಚಿತ ಪಾಠಮಾಲೆಯ ಆರಂಭ ಅದು. ಡೇವಿಡ್ ಕ್ರಿಶ್ಚಿಯನ್ ಎಂಬ ಇತಿಹಾಸಕಾರರು ಆಸ್ಟ್ರೇಲಿಯದ ವಿಶ್ವವಿದ್ಯಾಲಯದಲ್ಲಿ ಹೇಳಿಕೊಡುತ್ತಿದ್ದ ಪಾಠವನ್ನು ಮೆಚ್ಚಿದ ಬಿಲ್ ಗೇಟ್ಸ್ ಅದಕ್ಕೆ ಹಣ ಕೊಟ್ಟು ಆನ್‌ಲೈನ್‌ಗೆ ತರಲು ನೆರವಾದರು. ರಾಜರಿಂದಲ್ಲ, ನಕ್ಷತ್ರಗಳಿಂದ ಶುರುವಾಗುವ ಇತಿಹಾಸ. ಮಕ್ಕಳಿಗೆ ಅದರಲ್ಲಿ ಹಿಡಿಸಿದ್ದು ನಕ್ಷತ್ರಗಳಿಗಿಂತ ಹೆಚ್ಚಾಗಿ ನಾಲ್ಕು ಪ್ರಶ್ನೆಗಳು. ಯಾರೇ ಏನೇ ಹೇಳಿದರೂ ಅದನ್ನು ನಾಲ್ಕು ಕಡೆಯಿಂದ ತಟ್ಟಿ ನೋಡು ಎನ್ನುತ್ತದೆ ಆ ಪಾಠ. ಒಳಮನಸ್ಸು ಏನನ್ನುತ್ತದೆ? ತರ್ಕಕ್ಕೆ ಒಪ್ಪುತ್ತದೆಯೇ? ಹೇಳಿದವರು ಯಾರು, ಅವರಿಗೆ ಹೇಗೆ ಗೊತ್ತು? ಪುರಾವೆ ಎಲ್ಲಿ? ಅಕ್ಕ ಈ ನಾಲ್ಕನ್ನೂ ರಟ್ಟಿನ ಮೇಲೆ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ಈಗ ಮನೆಯಲ್ಲಿ ಯಾರೂ ಏನನ್ನೂ ಸುಮ್ಮನೆ ಹೇಳಿ ಪಾರಾಗುವಂತಿಲ್ಲ. "ಹಾಲು ಉಕ್ಕಿಸಿದ್ದು ನಾನಲ್ಲ ಅಂತೀಯ, ಪುರಾವೆ?" ಎಂದು ಪುಟ್ಟ ಅಪ್ಪನನ್ನೇ ಕೇಳಿದ್ದುಂಟು.

ನೀಲಿ ಹಗ್ಗ ಹುಟ್ಟಿದ್ದೂ ಆ ಪಾಠದಿಂದಲೇ. ಕಾಲವನ್ನು ಅಂಕಿಯಲ್ಲಿ ಹೇಳಿದರೆ ಮಗುವಿಗೆ ಏನೂ ಕಾಣುವುದಿಲ್ಲ. ಸಾವಿರ ವರ್ಷವೂ ಹತ್ತು ಸಾವಿರ ವರ್ಷವೂ ಕಿವಿಗೆ ಒಂದೇ. ಹಾಗಾಗಿ ಅಮ್ಮ ಗೇಣಿನ ಲೆಕ್ಕ ಹಿಡಿದರು. ಒಂದು ಗೇಣು ಒಂದು ಶತಮಾನ. ಗೇಣೆಂದರೆ ಸ್ಕೇಲಿನ 9 ಇಂಚು ಎಂದು ಗೊತ್ತುಮಾಡಿಕೊಂಡರು. ಅಡುಗೆಮನೆಯ ಗಂಟು ಇವತ್ತು. ಅಲ್ಲಿಂದ ಹಿಂದಕ್ಕೆ ಅಳೆಯುತ್ತ ಬಂದರೆ ಎರಡೂವರೆ ಗೇಣಿನೊಳಗೆ ಟಿಪ್ಪು, ಐದು ಗೇಣಿಗೆ ಕೆಂಪೇಗೌಡರು, ದೇವರಮನೆಯ ಬಾಗಿಲಿಗೆ ಸರಿಯಾಗಿ, ಸುಮಾರು ಹದಿನಾರು ಗೇಣಿಗೆ, ಹಲ್ಮಿಡಿ ಶಾಸನ. ಷೋಕೇಸಿನ ಹತ್ತಿರ ಅಶೋಕ. ಹಜಾರದ ಕಿಟಕಿಯ ಸರಳಿನ ಬಳಿ ಹರಪ್ಪದ ಇಟ್ಟಿಗೆಯ ಚಿತ್ರ. ಅಲ್ಲಿಗೆ ಮನೆ ಮುಗಿಯಿತು. "ನಕ್ಷತ್ರ ಹುಟ್ಟಿದ್ದು ಎಲ್ಲಿ ಹಾಕೋದು?" ಎಂದು ಪುಟ್ಟ ಕೇಳಿದಾಗ ಅಪ್ಪ ರಾತ್ರಿ ಊಟದ ನಂತರ ಕಾಗದ ಪೆನ್ನು ಹಿಡಿದು ಕೂತರಂತೆ. ವಿಶ್ವದ ವಯಸ್ಸು 1,380 ಕೋಟಿ ವರ್ಷ. ಗೇಣಿಗೊಂದು ಶತಮಾನದಂತೆ ಹಗ್ಗ ಎಳೆದರೆ 31,000 ಕಿಲೋಮೀಟರಿಗೂ ಮೀರಿ ಹೋಗಬೇಕು, ಭೂಮಿಯನ್ನು ಮುಕ್ಕಾಲು ಸುತ್ತಿಗೂ ಹೆಚ್ಚು ಸುತ್ತಬೇಕು. ಆ ರಾತ್ರಿ ಪುಟ್ಟ ಬಹಳ ಹೊತ್ತು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದನೆಂದು ಅಮ್ಮ ಹೇಳುತ್ತಾರೆ. ಪಠ್ಯಪುಸ್ತಕದ ಯಾವ ಪುಟವೂ ಮಾಡಲಾರದ ಕೆಲಸವನ್ನು ಹತ್ತು ಮೀಟರ್ ಹಗ್ಗ ಮಾಡಿತು.

ಈ ಮನೆಯ ಇತಿಹಾಸದ ಪಠ್ಯಕ್ರಮ ಒಂದೇ ಕಡೆಯಿಂದ ಬಂದದ್ದಲ್ಲ. ಮೊದಲ ವರ್ಷ ಅಮೆರಿಕದ ಮನೆಶಾಲೆಗಳಲ್ಲಿ ಬಹಳ ನಡೆಯುವ ಕ್ರಮವನ್ನೇ ಹಿಡಿದಿದ್ದರು. ಸೂಸನ್ ವೈಸ್ ಬಾವರ್ ಎಂಬ ಲೇಖಕಿಯ ನಾಲ್ಕು ಸಂಪುಟಗಳ ಲೋಕಕಥೆ: ಮೊದಲ ವರ್ಷ ಪ್ರಾಚೀನ ಕಾಲ, ಎರಡನೆಯದು ಮಧ್ಯಯುಗ, ಹೀಗೆ ನಾಲ್ಕು ವರ್ಷಕ್ಕೆ ಇಂದಿನವರೆಗೆ ಬಂದು, ಮಗು ದೊಡ್ಡದಾದ ಮೇಲೆ ಮತ್ತೆ ಮೊದಲಿನಿಂದ ಇನ್ನಷ್ಟು ಆಳವಾಗಿ. ಕ್ರಮ ಚೆನ್ನ. ಈಜಿಪ್ಟಿನ ನೈಲ್ ನದಿಯನ್ನು ಮಕ್ಕಳು ಅನ್ನದ ತಟ್ಟೆಯಲ್ಲಿ ಮಣ್ಣು ತುಂಬಿ ಹರಿಸಿದ್ದರು. ಆದರೆ ಬೇರೆ ನೆಲದ ಮಕ್ಕಳಿಗಾಗಿ ಬರೆದ ಪುಸ್ತಕದಲ್ಲಿ ಕದಂಬರಿಗೂ ಗಂಗರಿಗೂ ಜಾಗ ಎಲ್ಲಿಂದ ಬರಬೇಕು? ರೋಮಿನ ಚಕ್ರವರ್ತಿಗಳ ಹೆಸರು ಸರಸರ ಹೇಳುವ ಮಗಳು ಬನವಾಸಿ ಯಾವ ಕಡೆ ಎಂದು ಕೇಳಿದ ದಿನ ಅಮ್ಮ ತಾವೇ ತುಂಡುತುಂಡು ಪಾಠಗಳ ಹೊಲಿಗೆಗೆ ಕೂತರು. ಎನ್‌ಸಿಇಆರ್‌ಟಿಯ ಪುಸ್ತಕಗಳು ಜಾಲತಾಣದಲ್ಲಿ ಕಾಸಿಲ್ಲದೆ ಸಿಗುತ್ತವೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಕನ್ನಡ ಪುಸ್ತಕಗಳೂ ಹಾಗೆಯೇ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳ ಹಳದಿ ಪುಟಗಳು ಡಿಜಿಟಲ್ ಗ್ರಂಥಾಲಯಗಳಲ್ಲಿವೆ. ಬೆಂಗಳೂರಿನಲ್ಲೇ ಹುಟ್ಟಿದ ರೈಸ್ 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭಿಸಿ, ಹನ್ನೆರಡು ಸಂಪುಟಗಳಲ್ಲಿ ಸುಮಾರು 9,000 ಶಾಸನಗಳನ್ನು ಅಚ್ಚು ಹಾಕಿಸಿದವರು. ಬೆಂಗಳೂರು ಜಿಲ್ಲೆಯ ಸಂಪುಟ ಬಂದದ್ದು 1905ರಲ್ಲಿ. ಒಂದು ಕಾಲಕ್ಕೆ ದೊಡ್ಡ ಗ್ರಂಥಾಲಯದ ಬೀರುವಿನೊಳಗೆ, ಪಂಡಿತರ ಕೈಗೆ ಮಾತ್ರ ಸಿಗುತ್ತಿದ್ದ ಆ ಪುಟಗಳನ್ನು ಈಗ ಹನ್ನೊಂದರ ಹುಡುಗಿಯೊಬ್ಬಳು ಉಪ್ಪಿಟ್ಟು ತಿನ್ನುತ್ತ ತಿರುವಿ ಹಾಕುತ್ತಾಳೆ. ಅದನ್ನು ಕಣ್ಣಾರೆ ನೋಡುವಾಗ ನನಗೆ ಮೈ ಝುಮ್ಮೆನ್ನುತ್ತದೆ.

ಪಾಠ ಹದಿನೈದು ನಿಮಿಷವೂ ಇರುವುದಿಲ್ಲ. ವೀಡಿಯೊ ಮುಗಿದ ಕೂಡಲೇ ಅಮ್ಮ ಲ್ಯಾಪ್‌ಟಾಪಿನ ಮುಚ್ಚಳ ತಗ್ಗಿಸಿಬಿಡುತ್ತಾರೆ. "ಈಗ ನೀವು ಹೇಳಿ." ಕೇಳಿದ್ದನ್ನು ಮಕ್ಕಳು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಷಾರ್ಲಟ್ ಮೇಸನ್ ಎಂಬ ಇಂಗ್ಲೆಂಡಿನ ಶಿಕ್ಷಕಿ ನೂರು ವರ್ಷಕ್ಕೂ ಹಿಂದೆ ಬಲವಾಗಿ ಹಿಡಿದು ನಡೆಸಿದ ಪದ್ಧತಿ ಇದು. ಇಂದಿಗೂ ಲೋಕದ ಎಷ್ಟೋ ಮನೆಶಾಲೆಗಳು ಇದನ್ನು ಬಿಟ್ಟಿಲ್ಲ. ಪುಟ್ಟ ಹೇಳುವಾಗ ಯುದ್ಧವೇ ಹೆಚ್ಚು, ಕೈಕಾಲು ಆಡಿಸದೆ ಅವನಿಗೆ ಮಾತು ಬಾರದು. ಅಕ್ಕ ಹೇಳುವಾಗ ನಡುನಡುವೆ ನಿಂತು, ಮೇಲೆ ನೋಡಿ, ಸರಿಯಾದ ಮಾತಿಗೆ ಕಾಯುತ್ತಾಳೆ. ಅಜ್ಜಿ ಅಕ್ಕಿಯ ಕಲ್ಲು ಆರಿಸಿ ಬಾಲ್ಕನಿಯತ್ತ ಎಸೆಯುತ್ತ ಹೂಂಗುಟ್ಟುತ್ತಾರೆ. ಕಥೆ ಹೇಳುವ ನಾಲಗೆಗೂ ಹೂಂಗುಟ್ಟುವ ಕಿವಿಗೂ ನಮ್ಮ ಮನೆಗಳಲ್ಲಿ ಇರುವ ನಂಟು ಹಳೆಯದು. ಆನ್‌ಲೈನ್ ಪಾಠ ಇಲ್ಲಿ ಬಂದು ಆ ಹಳೆಯ ನಂಟಿನೊಳಗೆ ಕೂತಿದೆ.

ಅಜ್ಜಿಯ ಬಳಿ ಬೆಂಗಳೂರಿಗೆ ಹೆಸರು ಬಂದ ಕಥೆ ಇದೆ. ಬೇಟೆಗೆ ಬಂದ ಹೊಯ್ಸಳ ದೊರೆ ವೀರಬಲ್ಲಾಳ ಕಾಡಿನಲ್ಲಿ ದಾರಿ ತಪ್ಪಿದ್ದು, ಕತ್ತಲಾದಾಗ ಒಂದು ಗುಡಿಸಿಲಿನ ದೀಪ ಕಂಡದ್ದು, ಅಲ್ಲಿದ್ದ ಮುದುಕಿ ಬೆಂದ ಕಾಳು ಕೊಟ್ಟದ್ದು, ಆ ಬೆಂದ ಕಾಳಿನಿಂದಲೇ ಊರಿಗೆ ಹೆಸರು ಬಂದದ್ದು. ಇದನ್ನು ಅವರು ಹೇಳುವ ಚೆಂದ ಬೇರೆ. ಮಣ್ಣಿನ ಮಡಕೆಯಲ್ಲಿ ಕಾಳು ಕೊತಕೊತ ಕುದಿಯುವುದು, ಉಪ್ಪಿಗೂ ಬಡತನವಿದ್ದ ಆ ಮುದುಕಿ ಇದ್ದ ಒಂದು ಹರಳು ಉಪ್ಪನ್ನೂ ದೊರೆಯ ಎಲೆಗೆ ಹಾಕುವುದು, ಎಲ್ಲವೂ ಕಣ್ಣ ಮುಂದೆ ಬರುತ್ತದೆ. ಈ ಬೆಳಿಗ್ಗೆಯ ಪಾಠಕ್ಕೆ ಅಮ್ಮ ಆರಿಸಿಕೊಂಡದ್ದು ಇದೇ ಕಥೆಯನ್ನು. ಫ್ರಿಜ್ಜಿನ ಮೇಲಿನ ನಾಲ್ಕು ಪ್ರಶ್ನೆಗಳು ಚಾಪೆಗೆ ಬಂದವು.

ಒಳಮನಸ್ಸು ಹೌದೆನ್ನುತ್ತದೆ, ಹಸಿದವರಿಗೆ ಯಾರಾದರೂ ಊಟ ಹಾಕಿಯೇ ಹಾಕುತ್ತಾರೆ ಎಂದ ಪುಟ್ಟ. ತರ್ಕಕ್ಕೂ ಒಪ್ಪುತ್ತದೆ ಎಂದಳು ಅಕ್ಕ. ಹೇಳಿದ್ದು ಅಜ್ಜಿ, ಅಜ್ಜಿಗೆ ಹೇಳಿದ್ದು ಅವರ ಅತ್ತೆ. ಪುರಾವೆ? ಇಲ್ಲಿ ಅಮ್ಮ ಪರದೆಯ ಮೇಲೆ ಒಂದು ಕಲ್ಲನ್ನು ತಂದು ನಿಲ್ಲಿಸಿದರು. ನಗರದ ದಕ್ಷಿಣಕ್ಕೆ, ಬೇಗೂರಿನ ಪಂಚಲಿಂಗ ನಾಗೇಶ್ವರ ದೇವಾಲಯದಲ್ಲಿರುವ ವೀರಗಲ್ಲು. ಅದರ ಮೇಲೆ ಬೆಂಗಳೂರಿನ ಕಾಳಗದ ಮಾತಿದೆ, ಆ ಕಾಳಗದಲ್ಲಿ ಸತ್ತವನ ನೆನಪಿದೆ. ಕಾಲ ಒಂಬತ್ತನೆಯ ಶತಮಾನದ ಕೊನೆ, ಗಂಗರ ಆಳ್ವಿಕೆ. ಅಕ್ಕ ಎದ್ದು ಹೋಗಿ ಹಗ್ಗದ ಮೇಲೆ ಗೇಣು ಹಾಕಿದಳು. ವೀರಬಲ್ಲಾಳನ ಚೀಟಿಯಿಂದ ಆ ಕಲ್ಲಿನ ಕಾಲಕ್ಕೆ ಹಿಂದಕ್ಕೆ ಮೂರು ಗೇಣು. "ಅಜ್ಜಿ, ರಾಜ ದಾರಿ ತಪ್ಪೋಕೆ ಮುನ್ನೂರು ವರ್ಷ ಮುಂಚೇನೇ ಊರಿಗೆ ಹೆಸರಿತ್ತು!"

ಹಜಾರ ಒಂದು ಕ್ಷಣ ತಡೆದು ನಿಂತಿತು. ಮಕ್ಕಳು ಅಜ್ಜಿಯ ಮುಖ ನೋಡಿದರು. ಅಜ್ಜಿ ಮೊರವನ್ನು ಒಮ್ಮೆ ಕೇರಿ, ತೌಡು ಊದಿ ಹೇಳಿದರು: "ಇರಬೌದು ಕಣಮ್ಮ. ಕಲ್ಲು ಸುಳ್ಳು ಹೇಳಲ್ಲ. ಆದ್ರೆ ಆ ಕಲ್ಲಲ್ಲಿ ಸತ್ತವ್ರ ಹೆಸರಷ್ಟೇ ಇದೆಯಲ್ಲ, ಅನ್ನ ಇಕ್ಕಿದವ್ರ ಹೆಸರು ಇದೆಯಾ ನೋಡು." ಅಮ್ಮ ಕೂಡಲೇ ಪೆನ್ನು ತೆಗೆದು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಯಾವ ಪಠ್ಯಕ್ರಮದಲ್ಲೂ ಇರದ ಪಾಠ ಅದು. ಶಾಸನ ಹಾಕಿಸುವ ಶಕ್ತಿ ಯಾರಿಗಿತ್ತು, ಯಾರಿಗಿರಲಿಲ್ಲ ಎಂಬುದನ್ನು ಇತಿಹಾಸದ ವಿದ್ವಾಂಸರು ಉದ್ದುದ್ದ ಪುಸ್ತಕಗಳಲ್ಲಿ ಚರ್ಚಿಸುತ್ತಾರೆ. ಹಗ್ಗದ ಮೇಲೆ ಅಜ್ಜಿಯ ಕಥೆಯ ಚೀಟಿ ಹಾಗೆಯೇ ಉಳಿಯಿತು, ಬಣ್ಣ ಮಾತ್ರ ಬದಲಾಯಿತು. ಪುರಾವೆ ಇರುವುದಕ್ಕೆ ಹಸಿರು, ಜನ ಹೇಳುತ್ತ ಬಂದದ್ದಕ್ಕೆ ಹಳದಿ. ಎರಡೂ ಬೇಕು ಎಂಬುದು ಅಕ್ಕನ ತೀರ್ಮಾನ.

ಮಧ್ಯಾಹ್ನದ ಹೊತ್ತಿಗೆ ಬಿಸಿಲು ಬಂತು. ಮಕ್ಕಳು ಈಗ ಇನ್ನೊಂದು ಕಲ್ಲಿನ ಬೆನ್ನು ಹತ್ತಿದ್ದಾರೆ, ಇದು ಮನೆಗೆ ಹತ್ತಿರದ್ದು. ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು. ಗಂಗ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ರಾಷ್ಟ್ರಕೂಟರ ಕಡೆಯಿಂದ ಬಂದ ದಾಳಿಯನ್ನು ತಡೆಯುತ್ತ ಕಿತ್ತಯ್ಯ ಎಂಬಾತ ಮಡಿದ ನೆನಪಿಗೆ ನಿಂತ ಕಲ್ಲು. ನೃಪತುಂಗ ರಸ್ತೆಯಲ್ಲಿರುವ, 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿ ಎಂಬ ಸಂಸ್ಥೆ 2021ರಿಂದ ಬೆಂಗಳೂರು ಸುತ್ತಲಿನ ಶಾಸನಗಳನ್ನು ಒಂದೊಂದಾಗಿ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಸುತ್ತಿದೆ. ಕೈಯಲ್ಲಿ ಹಿಡಿಯುವ ಯಂತ್ರವೊಂದು ಕಲ್ಲಿನ ಮೈಮೇಲೆ ಬೆಳಕು ಹಾಯಿಸಿ, ಅದರ ಪ್ರತಿ ಏರು ತಗ್ಗನ್ನೂ ಅಳೆದಿಡುತ್ತದೆ. ಹೀಗೆ ಉಳಿಸಿದ ಕಲ್ಲುಗಳನ್ನು ಮನೆಯಲ್ಲೇ ಕೂತು ನೋಡಬಹುದು.

ಪುಟ್ಟ ಮೌಸ್ ಹಿಡಿದು ಕಲ್ಲನ್ನು ತಿರುಗಿಸುತ್ತಾನೆ. ಬೆಳಕು ನೇರವಾಗಿ ಬಿದ್ದಾಗ ಬರೀ ಬೂದುಬಣ್ಣದ ಬಂಡೆ. ಬೆಳಕನ್ನು ಪಕ್ಕಕ್ಕೆ ಸರಿಸಿ ಓರೆಯಾಗಿ ಬಿಟ್ಟ ಕೂಡಲೇ ಗೀರಿನ ಅಂಚಿಗೆಲ್ಲ ನೆರಳು ಕೂತು, ಸವೆದ ಅಕ್ಷರಗಳು ಒಂದೊಂದಾಗಿ ಮೇಲೇಳುತ್ತವೆ. "ಗ! ಅಲ್ಲಿ ಗ ಇದೆ!" ಎಂದು ಅಕ್ಕ ಪರದೆಗೆ ಮೂಗು ತಾಗುವಷ್ಟು ಬಾಗುತ್ತಾಳೆ. ಹನ್ನೆರಡು ಶತಮಾನಕ್ಕೂ ಹಿಂದಿನ ಉಳಿಯ ಗುರುತನ್ನು ಇಂದಿನ ಮಗುವೊಂದು ಗುರುತು ಹಿಡಿದ ಆ ಕೂಗು ನನ್ನ ಕಿವಿಯಲ್ಲಿ ಇನ್ನೂ ಇದೆ. ಈಗ ಬಳಕೆಯಲ್ಲಿಲ್ಲದ ೞ, ಱ ಅಕ್ಷರಗಳನ್ನು ಕಲಿತ ಮೇಲೆ ಪುಟ್ಟ ತನ್ನ ಕ್ರಿಕೆಟ್ ಬ್ಯಾಟಿನ ಹಿಂದೆ ದೊಡ್ಡದಾಗಿ ಒಂದು ೞ ಬರೆದುಕೊಂಡಿದ್ದಾನೆ, ಯಾರಿಗೂ ಓದಲು ಬಾರದ ಗುಟ್ಟಿನ ಮೊಹರು.

ಪರದೆಯ ಕಲ್ಲಿಗೆ ತೂಕವಿಲ್ಲ, ತಣುಪಿಲ್ಲ. ಅದು ಅಮ್ಮನಿಗೆ ಗೊತ್ತು. ಮೊದಲು ಐದು ರೂಪಾಯಿ ನಾಣ್ಯದ ಮೇಲೆ ತೆಳು ಕಾಗದ ಇಟ್ಟು, ಪೆನ್ಸಿಲ್ ಓರೆ ಮಾಡಿ ತಿಕ್ಕಿಸುತ್ತಾರೆ; ಸಿಂಹಗಳು ಕಾಗದದ ಮೇಲೆ ಮೂಡುತ್ತವೆ. ಶಾಸನ ಓದುವವರು ಕಲ್ಲು ತೊಳೆದು, ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ಬಡಿದು ಕೂರಿಸಿ, ಮಸಿ ಒತ್ತಿ ಪಡಿಯಚ್ಚು ತೆಗೆಯುವುದು ಹೀಗೆಯೇ ಎಂದು ತೋರಿಸುತ್ತಾರೆ. ಆಮೇಲೆ ಎಲ್ಲರೂ ಚಪ್ಪಲಿ ಮೆಟ್ಟಿ ಹೊರಡುತ್ತಾರೆ. ಹೆಬ್ಬಾಳದ ಊರೊಳಗಿನ ಗಲ್ಲಿಗಳಲ್ಲಿ, ನೀರಿನ ಕ್ಯಾನು ಹೊತ್ತ ಸ್ಕೂಟರುಗಳಿಗೆ ದಾರಿ ಬಿಟ್ಟು, ಒದ್ದೆ ಗೋಡೆಯ ಪಾಚಿ ವಾಸನೆಯ ನಡುವೆ ನಡೆದು ಹೋದರೆ ಕಿತ್ತಯ್ಯನಿಗೆಂದೇ ಜನ ಕಟ್ಟಿಸಿದ ಮಂಟಪ ಸಿಗುತ್ತದೆ. ಮುಟ್ಟದೆ ನೋಡಬೇಕು ಎಂದು ಮೊದಲೇ ಮಾತಾಗಿದೆ. ಪುಟ್ಟ ಕೈ ಹಿಂದಕ್ಕೆ ಕಟ್ಟಿಕೊಂಡು, ಕಲ್ಲಿಗೆ ಒಂದು ಗೇಣು ದೂರದಲ್ಲಿ ನಿಂತು ಮೇಲಿನಿಂದ ಕೆಳಕ್ಕೆ ನೋಡುತ್ತಾನೆ. ಪರದೆಯಲ್ಲಿ ಅಂಗೈಯಷ್ಟಿದ್ದುದು ಇಲ್ಲಿ ಎದುರು ನಿಂತಿದೆ. ಹೂ ಕಟ್ಟುತ್ತ ಕೂತಿದ್ದ ಪಕ್ಕದ ಮನೆಯ ಹೆಂಗಸು "ಸ್ಕೂಲಿಂದ ಬಂದ್ರಾ ಮಕ್ಳಾ?" ಎಂದು ಕೇಳುತ್ತಾರೆ. "ಹೂಂ ಆಂಟಿ" ಎನ್ನುತ್ತಾಳೆ ಅಕ್ಕ. ಸುಳ್ಳೇನೂ ಅಲ್ಲ.

ಇಷ್ಟೆಲ್ಲ ನೋಡಿದ ಮೇಲೂ ನನಗೊಂದು ಅಳುಕು ಉಳಿದಿತ್ತು. ಇತಿಹಾಸಕ್ಕೆ ಬೇಕಾದ ಬಿಡುವು ಮನೆಯಲ್ಲಿದೆ, ಒಂದು ಕಲ್ಲಿಗೆ ಒಂದಿಡೀ ದಿನ ಕೊಡುವ ಸಿರಿ ಇದೆ. ಗಂಟೆ ಬಾರಿಸಿ ವಿಜ್ಞಾನಕ್ಕೆ ಓಡಿಸುವವರಿಲ್ಲ. ಆದರೆ ತರಗತಿಯಲ್ಲಿ ಹಿಂದಿನ ಬೆಂಚಿನಿಂದ ಎದ್ದು ನಿಂತು "ನಮ್ಮನೇಲಿ ಬೇರೆ ಥರ ಹೇಳ್ತಾರೆ ಮಿಸ್" ಎನ್ನುವ ಹುಡುಗ ಇಲ್ಲಿ ಎಲ್ಲಿದ್ದಾನೆ? ಒಂದೇ ಮನೆಯ ನಂಬಿಕೆ, ಒಂದೇ ತಟ್ಟೆಯ ಊಟ, ಅಪ್ಪ ಅಮ್ಮ ಆರಿಸಿದ ವೀಡಿಯೊ. ಗಣಿತಕ್ಕೆ ಇದರಿಂದ ಬಾಧಕವಿಲ್ಲ. ಇತಿಹಾಸಕ್ಕಿದೆ. ನಮ್ಮವರು ಗೆದ್ದದ್ದು ಮಾತ್ರ ಕೇಳುತ್ತ ಬೆಳೆದ ಮಗು ಮುಂದೆ ಬೇರೆಯವರ ಅಳುವನ್ನು ಕೇಳಲಾರದು. ಮನೆಶಾಲೆಗೆ ಇತಿಹಾಸದ ಪಠ್ಯಕ್ರಮ ಆರಿಸುವ ತಂದೆ ತಾಯಿಯರು ಚಿತ್ರ ಎಷ್ಟು ಬಣ್ಣಬಣ್ಣವಾಗಿದೆ ಎಂಬುದಕ್ಕಿಂತ, ತಾವು ಒಪ್ಪದ ದನಿ ಅದರಲ್ಲಿದೆಯೇ ಎಂದು ಹುಡುಕಬೇಕು. ಈ ಮಾತನ್ನು ಹಿಂಜರಿಯುತ್ತಲೇ ಆಡಿದೆ. ಅಮ್ಮ ನಕ್ಕರು. "ಶನಿವಾರ ಬೆಳಿಗ್ಗೆ ಬನ್ನಿ" ಎಂದರು.

ಶನಿವಾರ ಏಳೂವರೆಗೆ ಪರದೆಯ ಮೇಲೆ ನಾಲ್ಕು ಚೌಕಗಳು. ಒಂದರಲ್ಲಿ ಈ ಮನೆ. ಇನ್ನೊಂದರಲ್ಲಿ ಹುಬ್ಬಳ್ಳಿಯ ಹುಡುಗಿ, ಎರಡು ಜಡೆ, ಹಿಂದೆ ಮಗ್ಗದ ಸೀರೆಯ ಪರದೆ. ಮತ್ತೊಂದರಲ್ಲಿ ಮೈಸೂರಿನ ಅಣ್ಣತಮ್ಮಂದಿರು, ಒಬ್ಬನ ತಲೆ ಮಾತ್ರ ಕಾಣುತ್ತದೆ. ನಾಲ್ಕನೆಯದರಲ್ಲಿ ಹೊರಗೆ ಕತ್ತಲು. ಅಮೆರಿಕದ ಡಲ್ಲಾಸಿನ ಹುಡುಗ, ಅಲ್ಲಿ ಶುಕ್ರವಾರ ರಾತ್ರಿ 9 ಗಂಟೆ. ಅವನ ಅಪ್ಪ ಅಮ್ಮ ಹಾಸನದ ಕಡೆಯವರು. ಅವನು ಕನ್ನಡ ಮಾತಾಡುವಾಗ ರಕಾರ ತುಸು ನುಣುಪು. ಅವನಿರುವ ಟೆಕ್ಸಾಸಿನಲ್ಲಿ ಮನೆಶಾಲೆ ಹುಬ್ಬೇರಿಸುವ ಸಂಗತಿಯೇ ಅಲ್ಲ. ಅಲ್ಲಿನ ಸುಪ್ರೀಂ ಕೋರ್ಟು 1994ರಲ್ಲಿ ಮನೆಶಾಲೆಯನ್ನು ಖಾಸಗಿ ಶಾಲೆಯ ಸಾಲಿಗೆ ಸೇರಿಸಿತು. ಓದು, ಕಾಗುಣಿತ, ವ್ಯಾಕರಣ, ಗಣಿತ, ಒಳ್ಳೆಯ ಪೌರನಾಗುವ ಪಾಠ, ಇಷ್ಟನ್ನು ಕಲಿಸಿದರೆ ಸಾಕು. ಇತಿಹಾಸದ ಹೆಸರು ಆ ಪಟ್ಟಿಯಲ್ಲಿಲ್ಲ! ಕೋವಿಡ್ ಬಂದ 2020ರಲ್ಲಿ ಅಮೆರಿಕದಲ್ಲಿ ಶಾಲೆ ವಯಸ್ಸಿನ ಮಕ್ಕಳಿರುವ ಮನೆಗಳ ಪೈಕಿ ಮನೆಶಾಲೆ ಹಿಡಿದವು ವಸಂತದಲ್ಲಿ ಶೇ 5.4 ಇದ್ದದ್ದು ಕೆಲವೇ ತಿಂಗಳಲ್ಲಿ ಶೇ 11.1ಕ್ಕೆ ಏರಿದವೆಂದು ಅಲ್ಲಿನ ಜನಗಣತಿ ಕಚೇರಿ ಲೆಕ್ಕ ಕೊಟ್ಟಿತು. ಆನ್‌ಲೈನ್ ಪಾಠಗಳಿಗೆ ಇಷ್ಟೊಂದು ಬೇಡಿಕೆ ಬಂದದ್ದಕ್ಕೆ ಆ ಏರಿಕೆಯೂ ಒಂದು ಕಾರಣ.

ಅಂದಿನ ಪಾಠದಲ್ಲಿ ಎರಡು ಚಿತ್ರಗಳು ಅಕ್ಕಪಕ್ಕ. ಎಡಗಡೆ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಚಿತ್ರ, 1780ರ ಸೆಪ್ಟೆಂಬರಿನಲ್ಲಿ ಕಾಂಚೀಪುರದ ಹತ್ತಿರ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಈಸ್ಟ್ ಇಂಡಿಯಾ ಕಂಪನಿಯ ಸೇನೆಯನ್ನು ಸೋಲಿಸಿದ್ದು. ಸಾಲುಸಾಲು ಕುದುರೆ, ಆನೆ, ಕೆಂಪು ಕೋಟಿನ ಸೈನಿಕರ ನಡುವೆ ಪಲ್ಲಕ್ಕಿಯಲ್ಲಿ ಮುದುಡಿ ಕೂತ ಅವರ ನಾಯಕ ಕರ್ನಲ್ ಬೇಲಿ. ಟಿಪ್ಪುವಿನ ಕೈಯಲ್ಲಿ ಒಂದು ಹೂವು, ಯುದ್ಧದ ನಡುವೆಯೂ ಅದನ್ನು ಮೂಸುತ್ತಿದ್ದಾನೆ. ಬಲಗಡೆ 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಚಿತ್ರ, ರಾಬರ್ಟ್ ಕೆರ್ ಪೋರ್ಟರ್ ಬರೆದದ್ದರ ಮುದ್ರಿತ ಪ್ರತಿ. ಮೂಲ ಚಿತ್ರ ಸುಮಾರು 120 ಅಡಿ ಉದ್ದವಿತ್ತು, 1800ರಲ್ಲಿ ಲಂಡನ್ನಿನ ಜನ ಕಾಸು ಕೊಟ್ಟು ನೋಡಿದರು. ಈಗ ಉಳಿದಿಲ್ಲ.

ಮಕ್ಕಳ ಮುಂದೆ ಒಂದೇ ಕೆಲಸ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸ್ಯಾಮ್ ವೈನ್‌ಬರ್ಗ್ ಮತ್ತು ಅವರ ಜೊತೆಗಾರರು ರೂಪಿಸಿದ ಉಚಿತ ಪಾಠಗಳಿಂದ ಕಲಿತ ಕ್ರಮ ಅದು. ಓದುವ ಮೊದಲೇ ಕೇಳು: ಇದನ್ನು ಮಾಡಿದವರು ಯಾರು, ಯಾವಾಗ, ಯಾರಿಗೆ ತೋರಿಸಲು? ಆಗ ಸುತ್ತ ಏನು ನಡೆದಿತ್ತು? ಬೇರೆಯವರು ಏನು ಹೇಳುತ್ತಾರೆ?

"ಪೋರ್ಟರ್ ಯುದ್ಧ ನೋಡಿದ್ನಾ?" ಎಂದಳು ಅಕ್ಕ. ಹುಡುಕಿದರು. ಇಲ್ಲ, ಆತ ಇಪ್ಪತ್ತು ದಾಟಿದ ತರುಣ, ಭಾರತವನ್ನೇ ನೋಡದೆ ಬರೆದದ್ದು. ಮೈಸೂರಿನ ಹುಡುಗರು ಚಪ್ಪಾಳೆ ತಟ್ಟಿದರು. "ಹಂಗಾರ ಸುಳ್ಳು ಚಿತ್ರ ಅದು, ನಮ್ದ ಖರೇ!" ಎಂದು ಹುಬ್ಬಳ್ಳಿಯವಳು ತೀರ್ಪು ಕೊಟ್ಟೂಬಿಟ್ಟಳು. ಡಲ್ಲಾಸಿನ ಹುಡುಗ ಸುಮ್ಮನಿದ್ದವನು ಮೆಲ್ಲಗೆ ಕೇಳಿದ: "ಹೂವು ಹಿಡ್ಕೊಂಡು ಯಾರಾದ್ರೂ ಯುದ್ಧ ಮಾಡ್ತಾರಾ? ಅದನ್ನ ಬರೆಸಿದ್ದು ಟಿಪ್ಪೂನೇ ಅಲ್ವಾ?" ಚೌಕಗಳಲ್ಲಿ ಗದ್ದಲ ಎದ್ದಿತು. ಗದ್ದಲ ಇಳಿದ ಮೇಲೆ ಅಮ್ಮ ಇನ್ನೊಂದು ಸಂಗತಿ ಹೇಳಿದರು. ಆ ಗೋಡೆಯ ಚಿತ್ರ ನಡುವೆ ಸುಣ್ಣದಡಿ ಹೋಗಿತ್ತು, ಹತ್ತೊಂಬತ್ತನೆಯ ಶತಮಾನದ ನಡುವೆ ಬ್ರಿಟಿಷ್ ಗವರ್ನರ್ ಜನರಲ್ ಡಾಲ್‌ಹೌಸಿಯ ಅಪ್ಪಣೆಯಂತೆ ಅದನ್ನು ಮತ್ತೆ ಬರೆಸಿದರು. ಸೋತವರೇ ತಮ್ಮ ಸೋಲಿನ ಚಿತ್ರವನ್ನು ಬರೆಸಿ ಉಳಿಸಿದರೇ? ಯಾಕೆ? ಹುಬ್ಬಳ್ಳಿಯ ಹುಡುಗಿ ಜಡೆಯ ತುದಿ ಬಾಯಿಗಿಟ್ಟು ಯೋಚನೆಗೆ ಬಿದ್ದಳು. ಹಿಂದಿನ ಬೆಂಚಿನ ಹುಡುಗ ಎಲ್ಲಿದ್ದಾನೆ ಎಂದು ನಾನು ಕೇಳಿದ್ದಕ್ಕೆ ಉತ್ತರ ನಾಲ್ಕು ಊರುಗಳಲ್ಲಿ ಹಂಚಿ ಕೂತಿತ್ತು.

ಇದೆಲ್ಲ ಮುಂದೆ ಎಲ್ಲಿಗೆ ಮುಟ್ಟುತ್ತದೆ ಎಂಬ ಪ್ರಶ್ನೆಯನ್ನು ನೆಂಟರು ಪ್ರತಿ ಮದುವೆಯಲ್ಲೂ ಕೇಳುತ್ತಾರಂತೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳ ಶಿಕ್ಷಣದ ಹೊಣೆಯನ್ನು ಹೇಳುತ್ತದೆ, ಮನೆಶಾಲೆಯ ಮಾತನ್ನು ಎತ್ತುವುದಿಲ್ಲ. ಆ ಮೌನದ ನಡುವೆಯೇ ಇಂಥ ಕುಟುಂಬಗಳು ನಡೆಯುತ್ತಿವೆ. ಮಗಳಿಗೆ ಹದಿನಾಲ್ಕು ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆ ಕಟ್ಟಿಸುವುದು ಅಮ್ಮನ ಲೆಕ್ಕ. 1989ರಲ್ಲಿ ಆರಂಭವಾದ ಆ ಸಂಸ್ಥೆಯಲ್ಲಿ ಐದು ವಿಷಯ ಪಾಸಾದರೆ ಪ್ರಮಾಣಪತ್ರ, ಮನೆಯಲ್ಲಿ ಬರೆದು ಒಪ್ಪಿಸುವ ನಿಯೋಜಿತ ಕೆಲಸಕ್ಕೆ ಶೇ 20 ಅಂಕ. ಅಮ್ಮನ ನೋಟ್‌ಬುಕ್ಕಿನಲ್ಲಿ ಅದರ ವಿವರವೆಲ್ಲ ಒಂದು ಪುಟದಲ್ಲಿದೆ. ಅಜ್ಜಿ ಅಂದು ಆಡಿದ ಅನ್ನ ಇಕ್ಕಿದವರ ಮಾತಿಗೆ ಇನ್ನೊಂದು ಪುಟ.

ಕರೆ ಮುಗಿಯುವ ಮುಂಚೆ ಮುಂದಿನ ವಾರದ ಕೆಲಸ ಹಂಚಬೇಕು. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಅತಿ ಹಳೆಯ ವಸ್ತುವನ್ನು ಹುಡುಕಿ, ಅದು ಹಳೆಯದೆಂದು ರುಜುವಾತು ಮಾಡಬೇಕು. "ನಮ್ಮ ಮನಿ ಹತ್ರನ ಉಣಕಲ್ ಚಂದ್ರಮೌಳೇಶ್ವರ ಗುಡಿ ಐತ್ರೀ ಆಂಟಿ, ಚಾಲುಕ್ಯರ ಕಾಲದ್ದು, ನಾ ಗೆದ್ದೆ" ಎಂದಳು ಹುಬ್ಬಳ್ಳಿಯವಳು. ಮೈಸೂರಿನವರು ಚಾಮುಂಡಿ ಬೆಟ್ಟದ ನಂದಿಗೆ ಕೈಹಾಕಿದರು. "ಏಳ್ನೂರೈವತ್ತು! ಕಿತ್ತಯ್ಯ!" ಎಂದು ಪುಟ್ಟ ಚಾಪೆಯ ಮೇಲೆ ಎದ್ದು ನಿಂತ. ಡಲ್ಲಾಸಿನ ಹುಡುಗನ ಮುಖ ಸಣ್ಣದಾಯಿತು. ಅವನ ಊರು ಹುಟ್ಟಿದ್ದೇ 1841ರಲ್ಲಿ. ಸ್ವಲ್ಪ ಹೊತ್ತು ಬಿಟ್ಟು ಅವನು ಕ್ಯಾಮೆರಾದ ಮುಂದೆ ಒಂದು ಬಿಳಿಯ ಕಲ್ಲಿನ ತುಂಡು ಹಿಡಿದ. ಮನೆಯ ಹಿಂದಿನ ತೊರೆಯಲ್ಲಿ ಸಿಕ್ಕ ಸುಣ್ಣಕಲ್ಲು, ಅದರಲ್ಲಿ ಚಿಪ್ಪಿನ ಗುರುತು.

"ಇದು ಸಮುದ್ರ ಇದ್ದಾಗಿಂದು. ಎಂಟು ಕೋಟಿ ವರ್ಷಕ್ಕಿಂತ ಹಳೇದು. ಇದು ಲೆಕ್ಕಕ್ಕೆ ಬರುತ್ತಾ?"

"ಬರಲ್ಲ, ಮನುಷ್ಯರು ಮಾಡಿದ್ದಾಗಿರ್ಬೇಕು" ಎಂದಳು ಅಕ್ಕ.

"ಹಾಗಂತ ಯಾರು ಹೇಳಿದ್ದು? ಆಂಟಿ ವಸ್ತು ಅಂದ್ರು, ಅಷ್ಟೇ. ಪುರಾವೆ ಇದೆ ನನ್ಹತ್ರ."

"ಅಲ್ಲೋ ಮಾರಾಯಾ, ಮೀನಾ ಸಿಂಪಿ ಎಲ್ಲಾ ಇತಿಹಾಸ ಅಂದ್ರ ಹೆಂಗ!" ಎಂದು ಹುಬ್ಬಳ್ಳಿ ಎದ್ದು ನಿಂತಿತು. "ಬಿಗ್ ಹಿಸ್ಟರೀಲಿ ನಕ್ಷತ್ರಾನೂ ಇತಿಹಾಸಾನೇ ತಾನೆ" ಎಂದು ಪುಟ್ಟ ಪಕ್ಷ ಬದಲಿಸಿದ. ಅಮ್ಮ ಯಾರ ಪರವಾಗಿಯೂ ಮಾತಾಡದೆ ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆಗೆದು, ಮೇಲೆ ದೊಡ್ಡದಾಗಿ ಬರೆದುಕೊಂಡರು: ಸಿಂಪಿ, ಸೇರಿಸಬೇಕೋ ಬೇಡವೋ, ಮುಂದಿನ ಶನಿವಾರ, ಎರಡೂ ಕಡೆಯವರು ಕಾರಣ ಬರೆದು ತರಬೇಕು.